ಕತ್ತು ತಿರುಗಿತು, ಕಣ್ಣು ನೋಡಲಿಲ್ಲ

ನನ್ನ ಮಗಳಿಗೆ ಆರು ವರ್ಷ. ಜನವರಿಯಲ್ಲಿ ಅವಳ ಶಾಲೆಯಲ್ಲಿ ರಸ್ತೆ ಸುರಕ್ಷತಾ ಸಪ್ತಾಹ ಮಾಡಿದರು. ಥರ್ಮೋಕೋಲಿನ ಸಿಗ್ನಲ್ ಕಂಬ, ನೆಲದ ಮೇಲೆ ಸೀಮೆಸುಣ್ಣದ ಜೀಬ್ರಾ ಪಟ್ಟೆ, ಪೊಲೀಸ್ ಟೋಪಿ ಹಾಕಿಕೊಂಡ ಒಬ್ಬ ಪುಟಾಣಿ. ಇವಳು ವೇದಿಕೆ ಹತ್ತಿ, ‘ಮೊದಲು ಬಲಕ್ಕೆ ನೋಡಬೇಕು, ಆಮೇಲೆ ಎಡಕ್ಕೆ ನೋಡಬೇಕು, ಮತ್ತೆ ಬಲಕ್ಕೆ ನೋಡಿ ರಸ್ತೆ ದಾಟಬೇಕು’ ಎಂದು ಒಂದೇ ಉಸಿರಿನಲ್ಲಿ ಒಪ್ಪಿಸಿ ಸ್ಟೀಲ್ ಟಿಫಿನ್ ಡಬ್ಬಿ ಗೆದ್ದಳು.

ಅದೇ ಸಂಜೆ ಮೈಸೂರಿನ ಕುವೆಂಪುನಗರದಲ್ಲಿ ತರಕಾರಿ ತರಲು ಹೊರಟಿದ್ದೆವು. ರಸ್ತೆ ಅಂಚಿನಲ್ಲಿ ನಿಂತು, ‘ಈಗ ನೀನೇ ಹೇಳು ಪುಟ್ಟಿ, ಯಾವಾಗ ದಾಟೋಣ?’ ಎಂದೆ. ಅವಳ ಕತ್ತು ಬಲಕ್ಕೆ ಹೋಯಿತು. ಎಡಕ್ಕೆ ಬಂತು. ಮತ್ತೆ ಬಲಕ್ಕೆ ಹೋಯಿತು. ದಸರಾದಲ್ಲಿ ಕೂರಿಸುತ್ತೇವಲ್ಲ, ತಲೆಯಾಡಿಸುವ ಗೊಂಬೆ, ಥೇಟ್ ಹಾಗೆ. ಆಮೇಲೆ ಕಾಲು ಮುಂದಿಟ್ಟಳು. ಬಲಗಡೆಯಿಂದ ಸಿಟಿ ಬಸ್ಸು ಬರುತ್ತಿತ್ತು. ಅವಳ ಮುಂಗೈ ನನ್ನ ಕೈಯಲ್ಲೇ ಇತ್ತು, ಹಿಂದಕ್ಕೆ ಎಳೆದುಕೊಂಡೆ.

‘ಬಸ್ಸು ಕಾಣಲಿಲ್ವಾ?’

‘ನಾನು ಬಲಕ್ಕೆ ನೋಡಿದೆ ಅಲ್ವಾ ಅಪ್ಪಾ?’

ಅವಳು ಸುಳ್ಳು ಹೇಳಲಿಲ್ಲ. ನೋಡುವುದು ಅಂದರೆ ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕಿದ ಹಾಗೆ ಒಂದು ಶಾಸ್ತ್ರ ಅಂದುಕೊಂಡಿದ್ದಳು ಅಷ್ಟೆ. ಮೂರು ಸಲ ಕತ್ತು ತಿರುಗಿಸಿದರೆ ದಾಟಬಹುದು. ಯಾಕೆ ನೋಡಬೇಕು, ಏನನ್ನು ನೋಡಬೇಕು ಎಂದು ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಅವತ್ತಿನಿಂದ ಈ ವಿಷಯ ನನ್ನ ತಲೆಯಲ್ಲಿ ಕೊರೆಯುತ್ತಿದೆ. ಚಿಕ್ಕ ಮಕ್ಕಳಿಗೆ ರಸ್ತೆಯ ಬಗ್ಗೆ ನಾವು ಕಲಿಸುತ್ತಿರುವುದು ಏನು? ಅವರು ಕಲಿಯಲು ಸಾಧ್ಯ ಇರುವುದು ಎಷ್ಟು? ಎಷ್ಟು ಕಲಿಸಿದರೂ ಅವರ ಕೈಲಿ ಆಗದೇ ಇರುವುದು ಯಾವುದು? ಈ ಮೂರನೇ ಪ್ರಶ್ನೆಯನ್ನು ನಾವು ಕೇಳುವುದೇ ಕಡಿಮೆ.

ಇದು ಸಣ್ಣ ವಿಷಯವಲ್ಲ. ಜಗತ್ತಿನಲ್ಲಿ 5ರಿಂದ 29 ವರ್ಷದವರ ಸಾವಿಗೆ ಎಲ್ಲಕ್ಕಿಂತ ದೊಡ್ಡ ಕಾರಣ ರಸ್ತೆ ಅಪಘಾತ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಜ್ವರವಲ್ಲ, ಭೇದಿಯಲ್ಲ, ರಸ್ತೆ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 9,500ಕ್ಕೂ ಹೆಚ್ಚು ಮಂದಿ 18 ತುಂಬದ ಮಕ್ಕಳು. ದಿನಕ್ಕೆ 26ರಂತೆ. ಪೋಲಿಯೊ ಹನಿಗೆ ಅಷ್ಟು ಶಿಸ್ತಾಗಿ ಸಾಲು ನಿಲ್ಲುವ ನಾವು ಇದನ್ನು ಹಣೆಬರಹದ ಖಾತೆಗೆ ಬರೆದು ಸುಮ್ಮನಾಗುತ್ತೇವೆ.

ಮಗುವಿನ ತಲೆಯೊಳಗೆ ಏನು ನಡೆಯುತ್ತದೆ ಎಂಬುದನ್ನು ಮೊದಲು ನೋಡೋಣ. ಎರಡು ಮೂರು ವರ್ಷದ ಮಗುವಿನ ಜೊತೆ ಕಣ್ಣಾಮುಚ್ಚಾಲೆ ಆಡಿದ್ದೀರಾ? ತನ್ನ ಕಣ್ಣು ಮುಚ್ಚಿಕೊಂಡು ನಡುಮನೆಯಲ್ಲೇ ನಿಂತು ‘ನಾನು ಕಾಣಲ್ಲ’ ಎನ್ನುತ್ತದೆ. ತನಗೆ ಕಾಣದಿದ್ದರೆ ಬೇರೆಯವರಿಗೂ ಕಾಣುವುದಿಲ್ಲ ಎಂಬುದು ಅದರ ಲೆಕ್ಕ. ಈ ಲೆಕ್ಕದ ಇನ್ನೊಂದು ಮುಖ ರಸ್ತೆಯಲ್ಲಿ ಬಹಳ ಅಪಾಯ. ನನಗೆ ಕಾರು ಕಾಣುತ್ತಿದೆ, ಅಂದಮೇಲೆ ಕಾರಿನವರಿಗೂ ನಾನು ಕಾಣುತ್ತಿದ್ದೇನೆ. ಐದಾರು ವರ್ಷ ಆದರೂ ಈ ನಂಬಿಕೆ ಪೂರ್ತಿ ಹೋಗಿರುವುದಿಲ್ಲ.

ಎತ್ತರದ ಕಥೆ ಬೇರೆ. ಏಳು ವರ್ಷದ ಮಗು ಸುಮಾರು ನಾಲ್ಕು ಅಡಿ ಇರುತ್ತದೆ. ನಿಲ್ಲಿಸಿದ ಕಾರು ಅದಕ್ಕಿಂತ ಎತ್ತರ. ಒಂದು ಸಲ ಮಗುವಿನ ಪಕ್ಕ ಮಂಡಿಯೂರಿ ಕೂತು ಅದರ ಕಣ್ಣಿನ ಮಟ್ಟದಿಂದ ನಿಮ್ಮ ರಸ್ತೆ ನೋಡಿ. ನಾನು ನೋಡಿದೆ. ಕಂಡಿದ್ದು ಬರೀ ಬಂಪರ್, ಟೈರು, ಚರಂಡಿ ಕಲ್ಲು ಮತ್ತು ಒಂದು ನಾಯಿ. ಎದುರುಮನೆಯವರು ‘ಏನ್ ಸಾರ್, ಏನಾದ್ರೂ ಕಳೆದುಹೋಯ್ತಾ?’ ಎಂದು ಕೇಳಿದರು. ಅದು ಬೇರೆ ವಿಷಯ.

ಇನ್ನು ವೇಗ. ಲಂಡನ್ನಿನ ರಾಯಲ್ ಹಾಲೋವೇ ಕಾಲೇಜಿನ ಸಂಶೋಧಕರು ಇದನ್ನು ಪರೀಕ್ಷೆ ಮಾಡಿ 2010ರ ಹೊತ್ತಿಗೆ ಪ್ರಕಟಿಸಿದರು. ದೂರದಿಂದ ವಾಹನ ಬರುವಾಗ ಅದರ ಆಕಾರ ನಮ್ಮ ಕಣ್ಣಲ್ಲಿ ನಿಧಾನವಾಗಿ ದೊಡ್ಡದಾಗುತ್ತಾ ಹೋಗುತ್ತದೆ. ಅದು ಎಷ್ಟು ಬೇಗ ದೊಡ್ಡದಾಗುತ್ತಿದೆ ಎಂಬುದರಿಂದ ವೇಗ ಗೊತ್ತಾಗುತ್ತದೆ. ದೊಡ್ಡವರಿಗೆ ಇದು ಯೋಚನೆ ಮಾಡದೆ ತಿಳಿಯುತ್ತದೆ. ಪ್ರಾಥಮಿಕ ಶಾಲೆಯ ಮಕ್ಕಳಿಗೆ, ಗಂಟೆಗೆ ಸುಮಾರು 32 ಕಿ.ಮೀ.ಗಿಂತ ಜೋರಾಗಿ ಬರುವ ವಾಹನ ಹತ್ತಿರ ಬರುತ್ತಿದೆಯೋ ನಿಂತಿದೆಯೋ ಎಂದು ಸರಿಯಾಗಿ ಅಳೆಯಲು ಆಗುವುದಿಲ್ಲ. ವಾಹನ ಜೋರಾಗಿ ಬಂದಷ್ಟೂ ಅದು ನಿಂತಂತೆ ಕಾಣುವ ಸಂಭವ ಜಾಸ್ತಿ. ಇದು ಗಮನ ಕಡಿಮೆ ಎಂಬ ದೂರಲ್ಲ. ಕಣ್ಣು ಮಿದುಳುಗಳ ಆ ಕೆಲಸ ಇನ್ನೂ ಬಲಿತಿಲ್ಲ. ಹಾಲು ಹಲ್ಲಿನಲ್ಲಿ ಕಬ್ಬು ಸಿಗಿ ಎಂದರೆ ಆಗುತ್ತದೆಯೇ? ಇದಕ್ಕೂ ಮುಂಚೆ, 1960ರ ದಶಕದಲ್ಲೇ, ಸ್ವೀಡನ್ನಿನ ಮನಃಶಾಸ್ತ್ರಜ್ಞೆ ಸ್ಟೀನಾ ಸಾಂಡೆಲ್ಸ್ ವರ್ಷಗಟ್ಟಲೆ ಮಕ್ಕಳನ್ನು ಗಮನಿಸಿ ಇಂಥದೇ ಮಾತು ಹೇಳಿದ್ದರು. ಚಿಕ್ಕ ಮಕ್ಕಳನ್ನು ಟ್ರಾಫಿಕ್ಕಿಗೆ ಪೂರ್ತಿ ಒಗ್ಗಿಸಲು ಆಗುವುದಿಲ್ಲ, ಟ್ರಾಫಿಕ್ಕನ್ನೇ ಮಕ್ಕಳಿಗೆ ಒಗ್ಗಿಸಬೇಕು ಎಂದು.

ಹಾಗಾದರೆ ಕಲಿಸುವುದು ದಂಡವೇ? ಅಲ್ಲ. ನನ್ನ ಊರು ಪಾಂಡವಪುರದ ಕಡೆ. ಅಲ್ಲಿ ನಮಗೆ ಈಜು ಕಲಿಸಿದ್ದು ಹೇಗೆ ಗೊತ್ತಾ? ಸೊಂಟಕ್ಕೆ ಹಗ್ಗ ಕಟ್ಟಿ ಬಾವಿಗೆ ಇಳಿಸುತ್ತಿದ್ದರು. ಹಗ್ಗದ ತುದಿ ಮೇಲೆ ಮಾವನ ಕೈಯಲ್ಲಿ. ನೀರು ಕುಡಿದೆವು, ಕೈಕಾಲು ಬಡಿದೆವು, ಒಂದು ದಿನ ಹಗ್ಗ ಸಡಿಲವಾಗಿದ್ದು ನಮಗೇ ಗೊತ್ತಾಗಲಿಲ್ಲ. ರಸ್ತೆಯೂ ಹಾಗೇ. ಥರ್ಮೋಕೋಲಿನ ಸಿಗ್ನಲ್ ಮುಂದೆ ಕಲಿಸುವುದು ಜಗಲಿ ಮೇಲೆ ಈಜು ಕಲಿಸಿದ ಹಾಗೆ. ನಿಜವಾದ ರಸ್ತೆಗೇ ಇಳಿಯಬೇಕು. ಹಗ್ಗ ಮಾತ್ರ ನಮ್ಮ ಕೈಯಲ್ಲಿರಬೇಕು. ಮಗುವಿನ ಬೆರಳು ಹಿಡಿದರೆ ಸಾಲದು, ಜಾರುತ್ತದೆ. ಮುಂಗೈ ಹಿಡಿಯಬೇಕು. ಮಗು ಯಾವಾಗಲೂ ವಾಹನ ಹೋಗುವ ಕಡೆಗಲ್ಲ, ನಮ್ಮ ಇನ್ನೊಂದು ಪಕ್ಕಕ್ಕೆ.

ಮೂರರಿಂದ ಐದು ವರ್ಷದ ಮಗುವಿಗೆ ನನ್ನ ಪ್ರಕಾರ ಎರಡೇ ಪಾಠ ಸಾಕು. ಒಂದು, ರಸ್ತೆಯ ಅಂಚು. ನಮ್ಮ ಮನೆಗಳಲ್ಲಿ ಮಕ್ಕಳಿಗೆ ಹೊಸ್ತಿಲು ತುಳಿಯಬಾರದು ಎಂದು ಯಾರೂ ಪಾಠ ಮಾಡುವುದಿಲ್ಲ. ಆದರೂ ಎರಡು ವರ್ಷಕ್ಕೇ ಕಲಿತಿರುತ್ತವೆ. ಅಜ್ಜಿ ಪ್ರತಿ ಸಲ ಹೇಳುತ್ತಾರೆ, ಪ್ರತಿ ಸಲ ತಾವೂ ದಾಟಿಯೇ ಹೋಗುತ್ತಾರೆ. ಫುಟ್‌ಪಾತಿನ ಅಂಚನ್ನೂ ಹೊಸ್ತಿಲು ಮಾಡಿ. ಅಲ್ಲಿ ಬಂದಾಗ ನಿಲ್ಲಬೇಕು, ರಸ್ತೆ ಖಾಲಿ ಇದ್ದರೂ ನಿಲ್ಲಬೇಕು. ನಾವೂ ನಿಲ್ಲಬೇಕು. ಎರಡನೆಯದು, ಕೂಗಿದ ಕೂಡಲೇ ನಿಲ್ಲುವುದು. ‘ಓಡಬೇಡ’ ಎಂದರೆ ಆ ವಯಸ್ಸಿನ ಮಗುವಿಗೆ ‘ಓಡ’ ಎಂಬುದಷ್ಟೇ ಕೇಳಿಸುತ್ತದೋ ಏನೋ, ಇನ್ನೂ ಜೋರಾಗಿ ಓಡುತ್ತವೆ. ನಾವು ಮನೆಯಲ್ಲಿ ಸ್ಟ್ಯಾಚ್ಯೂ ಆಟ ಆಡಿಸಿದೆವು. ‘ಸ್ಟ್ಯಾಚ್ಯೂ’ ಎಂದರೆ ಎಲ್ಲಿದ್ದರೆ ಅಲ್ಲೇ ಕಲ್ಲು. ಒಮ್ಮೆ ಗೇಟು ತೆರೆದು ಚೆಂಡಿನ ಹಿಂದೆ ಹೊರಟವಳು ಆ ಒಂದು ಮಾತಿಗೆ ನಿಂತಳು.

ಆರರ ಮೇಲೆ ನಿಜವಾದ ಪಾಠ ಶುರು ಮಾಡಬಹುದು. ಇಲ್ಲಿ ನಿಯಮ ಹೇಳುವುದಕ್ಕಿಂತ ಪ್ರಶ್ನೆ ಕೇಳುವುದು ಒಳ್ಳೆಯದು. ‘ಬಲಕ್ಕೆ ನೋಡು’ ಅನ್ನಬೇಡಿ. ‘ಬಲಗಡೆ ಏನು ಬರ್ತಿದೆ?’ ಎನ್ನಿ. ‘ಆ ಸ್ಕೂಟರ್ ನಿಲ್ಲುತ್ತಾ, ಬರುತ್ತಾ?’ ‘ಆ ಕಾರಿನ ಅಂಕಲ್ ಯಾವ ಕಡೆ ನೋಡ್ತಿದ್ದಾರೆ?’ ಉತ್ತರ ಹೇಳಬೇಕಾದರೆ ಮಗು ನಿಜವಾಗಿ ನೋಡಲೇಬೇಕು. ಕತ್ತು ಅಲ್ಲ, ಕಣ್ಣು ಕೆಲಸ ಮಾಡಬೇಕು. ಒಂದೇ ದಾರಿ, ಒಂದೇ ತಿರುವು, ತಿಂಗಳುಗಟ್ಟಲೆ. ಬೇರೆ ರಸ್ತೆಗೆ ಹೋದರೆ ಮತ್ತೆ ಮೊದಲಿನಿಂದ. ಚಿಕ್ಕ ಮಕ್ಕಳು ಒಂದು ಕಡೆ ಕಲಿತಿದ್ದನ್ನು ಇನ್ನೊಂದು ಕಡೆಗೆ ತಾವಾಗಿ ಒಯ್ಯುವುದಿಲ್ಲ. ಮನೆ ಮುಂದಿನ ಕ್ರಾಸಿನಲ್ಲಿ ಜಾಣೆಯಾದವಳು ಅಗ್ರಹಾರ ಸರ್ಕಲ್ಲಿನಲ್ಲಿ ಮತ್ತೆ ಒಂದನೇ ಕ್ಲಾಸು.

ಇಲ್ಲೊಂದು ತಮಾಷೆ ಇದೆ. ಮಕ್ಕಳು ಯೂಟ್ಯೂಬಿನಲ್ಲಿ ನೋಡುವ ಅಮೆರಿಕದ ಕಾರ್ಟೂನುಗಳಲ್ಲಿ ‘ಮೊದಲು ಎಡಕ್ಕೆ ನೋಡು’ ಎಂದು ಕಲಿಸುತ್ತಾರೆ. ಅಲ್ಲಿ ವಾಹನಗಳು ಬಲಗಡೆ ಓಡುತ್ತವೆ, ಅದಕ್ಕೆ. ನಮ್ಮಲ್ಲಿ ಎಡಗಡೆ ಓಡುವುದರಿಂದ ಅಂಚಿನಲ್ಲಿ ನಿಂತವರಿಗೆ ಮೊದಲು ಹತ್ತಿರ ಬರುವುದು ಬಲಗಡೆಯ ವಾಹನ. ಮಗು ಮನೆಯಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು ಕಲಿಯುತ್ತದೆ. ಅದರ ಮೇಲೆ ರಾಂಗ್ ಸೈಡಿನಲ್ಲಿ ಬರುವ ಸ್ಕೂಟರುಗಳು. ‘ಸುತ್ತಿ ಬರಬೇಕಲ್ಲ ಸಾರ್’ ಎಂಬ ಒಂದೇ ಕಾರಣಕ್ಕೆ ಪಾಠದ ಎಡಬಲವೆಲ್ಲ ತಲೆಕೆಳಗು. ಸದ್ದೇ ಮಾಡದ ಎಲೆಕ್ಟ್ರಿಕ್ ಸ್ಕೂಟರ್ ಬಂದಮೇಲೆ ಕಿವಿಯನ್ನೂ ನಂಬುವ ಹಾಗಿಲ್ಲ.

ಇನ್ನೊಂದು ತಪ್ಪು ಪಾಠ, ‘ಯಾವಾಗಲೂ ಎಡಗಡೆ ನಡಿ’. ಎಡಗಡೆ ಎಂಬುದು ವಾಹನಕ್ಕೆ ಇರುವ ನಿಯಮ. ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ನಡೆಯುವವರು ಬಲಗಡೆಯಲ್ಲಿ, ಎದುರು ಬರುವ ವಾಹನ ಕಾಣುವಂತೆ ನಡೆಯಬೇಕು. ಮಂಡ್ಯ ಜಿಲ್ಲೆಯ ಹಳ್ಳಿ ರಸ್ತೆಗಳಲ್ಲಿ ಫುಟ್‌ಪಾತ್ ಎಲ್ಲಿದೆ? ಎಡಗಡೆ ಸಾಲಾಗಿ ಶಾಲೆಗೆ ಹೋಗುವ ಮಕ್ಕಳ ಬೆನ್ನಿಗೆ ವಾಹನ ಬರುತ್ತಿರುತ್ತದೆ.

ಕಬ್ಬಿನ ಕಾಲದಲ್ಲಂತೂ ಕೇಳಬೇಡಿ. ಟ್ರ್ಯಾಕ್ಟರಿನ ಹಿಂದೆ ಎರಡೆರಡು ಟ್ರೇಲರ್. ಮೊದಲ ಟ್ರೇಲರ್ ಹೋದ ಕೂಡಲೇ ರಸ್ತೆ ಖಾಲಿ ಎಂದು ಮಗು ನುಗ್ಗುತ್ತದೆ. ಎರಡನೆಯದು ಬಂದೇ ಬರುತ್ತದೆ. ಇನ್ನು ಓಡುವ ಟ್ರೇಲರಿನಿಂದ ಕಬ್ಬು ಎಳೆಯುವ ಆಟ. ನಾನೂ ಎಳೆದವನೇ. ‘ಬ್ಯಾಡ ಕಣ್ಲಾ, ಚಕ್ರಕ್ಕೆ ಸಿಕ್ಕೊಂಡಿಯಾ’ ಎಂದು ಯಾರಾದರೂ ಕೂಗಿದರೆ ಇನ್ನೂ ಒಂದು ಜಲ್ಲೆ ಜಾಸ್ತಿ ಎಳೆಯುತ್ತಿದ್ದೆವು. ಈಗ ನೆನೆಸಿಕೊಂಡರೆ ಬೆವರುತ್ತೇನೆ. ಆ ಭಾಗದ ಶಾಲೆಗಳಲ್ಲಿ ಸಿಗ್ನಲ್ ದೀಪದ ಪಾಠಕ್ಕಿಂತ ಮೊದಲು ಕಬ್ಬಿನ ಟ್ರ್ಯಾಕ್ಟರಿನ ಪಾಠ ಆಗಬೇಕು. ಹಳ್ಳಿಯ ಮಗು ವರ್ಷಕ್ಕೆ ಎಷ್ಟು ಸಲ ಸಿಗ್ನಲ್ ದೀಪ ನೋಡುತ್ತದೆ ಹೇಳಿ?

ಮೈಸೂರಿನ ಮಗುವಿನ ದೊಡ್ಡ ಅಪಾಯ ಮಾತ್ರ ಬೇರೆ ಕಡೆ ಇದೆ. ಅದು ಅಪ್ಪನ ಸ್ಕೂಟರು. 2022ರಲ್ಲಿ ದೇಶದ ರಸ್ತೆ ಸಾವುಗಳಲ್ಲಿ ಶೇ 44ಕ್ಕೂ ಹೆಚ್ಚು ದ್ವಿಚಕ್ರ ವಾಹನದಲ್ಲಿದ್ದವರದು. ಬೆಳಗ್ಗೆ ಎಂಟೂವರೆಗೆ ಸರಸ್ವತಿಪುರಂ ಕಡೆ ಯಾವುದಾದರೂ ಶಾಲೆ ಮುಂದೆ ನಿಂತು ನೋಡಿ. ಮುಂದೆ ಒಂದು ಮಗು ನಿಂತಿದೆ, ಹಿಂದೆ ಒಂದು ಕೂತಿದೆ, ಹೆಲ್ಮೆಟ್ ಇರುವುದು ಅಪ್ಪನಿಗೆ ಮಾತ್ರ. ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ ಪ್ರಕಾರ ನಾಲ್ಕು ವರ್ಷ ದಾಟಿದ ಪ್ರತಿಯೊಬ್ಬರಿಗೂ ಹೆಲ್ಮೆಟ್ ಕಡ್ಡಾಯ. ಅದಕ್ಕಿಂತ ಚಿಕ್ಕವರಿಗೂ ನಿಯಮ ಬಂದಿದೆ. ಕೇಂದ್ರ ಸರ್ಕಾರ 2022ರ ಫೆಬ್ರುವರಿ 15ರಂದು ಹೊರಡಿಸಿದ ಅಧಿಸೂಚನೆ ಒಂದು ವರ್ಷದ ನಂತರ ಜಾರಿಗೆ ಬಂತು. ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಗುವಿಗೆ ತಲೆಗೆ ಸರಿಹೊಂದುವ ಹೆಲ್ಮೆಟ್ ಬೇಕು. ಮಗುವನ್ನು ಓಡಿಸುವವರಿಗೆ ಕಟ್ಟುವ ಬೆಲ್ಟ್ ಬೇಕು, ಅದು 30 ಕೆ.ಜಿ. ತಡೆಯುವಂತಿರಬೇಕು. ವೇಗ 40 ಕಿ.ಮೀ. ದಾಟಬಾರದು. ಈ ಬೆಲ್ಟು ಹಾಕಿದ ಮಗುವನ್ನು ನಮ್ಮ ಬಡಾವಣೆಯಲ್ಲಿ ನಾನು ಒಂದೇ ಒಂದು ಸಲ ನೋಡಿದ್ದೇನೆ. ಸುತ್ತಲಿದ್ದವರು ಆ ತಾಯಿಯನ್ನು ವಿಚಿತ್ರವಾಗಿ ನೋಡುತ್ತಿದ್ದರು.

ದೊಡ್ಡವರ ಹೆಲ್ಮೆಟ್ಟನ್ನು ಮಗುವಿಗೆ ಹಾಕುವುದು ಬಕೆಟ್ ಮುಚ್ಚಿದ ಹಾಗೆ. ಬಿದ್ದಾಗ ತಲೆಗಿಂತ ಮೊದಲು ಅದೇ ಹಾರಿಹೋಗುತ್ತದೆ. ಹೆಲ್ಮೆಟ್ ಹಿಡಿದು ಅಲ್ಲಾಡಿಸಿದರೆ ಹಣೆಯ ಚರ್ಮವೂ ಜೊತೆಗೆ ಅಲ್ಲಾಡಬೇಕು. ಅಷ್ಟು ಬಿಗಿ ಇರಬೇಕು. ಐಎಸ್ಐ ಗುರುತು ನೋಡಿ ತೆಗೆದುಕೊಳ್ಳಿ.

ಮುಂದೆ ನಿಲ್ಲಿಸುವ ಅಭ್ಯಾಸದ ಬಗ್ಗೆ ಒಂದು ಮಾತು. ಬ್ರೇಕ್ ಹಾಕಿದಾಗ ಮಗುವಿನ ಬಾಯಿ, ಗಲ್ಲ ನೇರವಾಗಿ ಹ್ಯಾಂಡಲ್ಲಿಗೆ ಬಡಿಯುತ್ತದೆ. ಅದಕ್ಕಿಂತ ಭಯ ಆಗುವುದು ಇನ್ನೊಂದಕ್ಕೆ. ಅಂಗಡಿ ಮುಂದೆ ಇಂಜಿನ್ ಆಫ್ ಮಾಡದೆ ಕಾಲೂರಿ, ಒಂದು ಕೈಯಲ್ಲಿ ಹಾಲಿನ ಪ್ಯಾಕೆಟ್ ತೆಗೆದುಕೊಳ್ಳುತ್ತೇವೆ. ಮಗು ಹ್ಯಾಂಡಲ್ ಹಿಡಿದುಕೊಂಡಿರುತ್ತದೆ. ಅದು ಆಕ್ಸಿಲರೇಟರ್ ತಿರುಗಿಸಿದರೆ ಮುಗಿಯಿತು. ಕೀ ತಿರುಗಿಸಿ ಆಫ್ ಮಾಡಲು ಒಂದು ಕ್ಷಣ ಸಾಕು. ಬೈಕಿನ ಹಿಂದೆ ಕೂತ ಮಗುವಿನ ಕಾಲು ಫುಟ್‌ರೆಸ್ಟಿಗೆ ಎಟುಕುವುದಿಲ್ಲ, ನೇತಾಡುವ ಹಿಮ್ಮಡಿ ಚಕ್ರದ ಕಡ್ಡಿಗೆ ಸಿಕ್ಕುತ್ತದೆ. ಚಂದ ಕಾಣುವುದಿಲ್ಲ ಎಂದು ಸೀರೆ ಗಾರ್ಡ್ ಕಿತ್ತು ಹಾಕುವ ಹುಡುಗರು ಇದನ್ನು ಸ್ವಲ್ಪ ಯೋಚಿಸಬೇಕು.

ಶಾಲೆಯ ಗೇಟಿಗೆ ಬರೋಣ. ನನಗೆ ಅನ್ನಿಸುವುದು, ಇಡೀ ದಾರಿಯಲ್ಲಿ ಅತಿ ಅಪಾಯದ ಜಾಗ ಇದೇ. ಎಲ್ಲರೂ ಮಗುವನ್ನು ಗೇಟಿನ ಹತ್ತಿರವೇ ಇಳಿಸಬೇಕು. ಅದಕ್ಕಾಗಿ ಕಾರು ಎರಡು ಸಾಲು ನಿಲ್ಲುತ್ತವೆ, ಆಟೊ ನಡುರಸ್ತೆಯಲ್ಲಿ ತಿರುಗುತ್ತದೆ, ವ್ಯಾನು ರಿವರ್ಸ್ ಬರುತ್ತದೆ. ಸಂಜೆ ಬಿಟ್ಟಾಗ ಇನ್ನೂ ಕಷ್ಟ. ತಾತ ರಸ್ತೆಯ ಆಚೆ ಬದಿಯಲ್ಲಿ ನಿಂತು ‘ಬಾ ಕಂದಾ’ ಎಂದು ಕೈ ಬೀಸುತ್ತಾರೆ. ಮಗುವಿಗೆ ತಾತ ಮಾತ್ರ ಕಾಣುತ್ತಾರೆ, ನಡುವೆ ಇರುವ ರಸ್ತೆ ಕಾಣುವುದಿಲ್ಲ. ಮಗುವನ್ನು ಎಂದೂ ಆಚೆ ಬದಿಯಿಂದ ಕರೆಯಬಾರದು. ಈ ಒಂದು ಮಾತನ್ನು ಶಾಲೆಯವರು ಪೋಷಕರ ಸಭೆಯಲ್ಲಿ ಹೇಳಿದರೆ ಹತ್ತು ಚಿತ್ರಕಲಾ ಸ್ಪರ್ಧೆಗಿಂತ ಉಪಯೋಗ. ಮನೆ ಮುಂದೆ ವ್ಯಾನು ಬಂದಾಗಲೂ ಅಷ್ಟೆ. ಅಕ್ಕನನ್ನು ನೋಡಲು ಓಡಿಬರುವ ಎರಡು ವರ್ಷದ ತಮ್ಮ ಡ್ರೈವರ್ ಕಣ್ಣಿಗೆ ಬೀಳುವುದಿಲ್ಲ. ಅಕ್ಕ ಇಳಿಯುವ ತನಕ ತಮ್ಮ ಕಂಕುಳಲ್ಲಿರಬೇಕು.

ಶಾಲಾ ಬಸ್ಸಿನ ನಿಯಮಗಳ ಹಿಂದೆ ಒಂದು ದುಃಖದ ಕಥೆ ಇದೆ. 1997ರ ನವೆಂಬರಿನಲ್ಲಿ ದೆಹಲಿಯ ವಜೀರಾಬಾದ್ ಸೇತುವೆಯಿಂದ ಶಾಲಾ ಬಸ್ಸು ಯಮುನೆಗೆ ಬಿದ್ದು 28 ಮಕ್ಕಳು ಸತ್ತರು. ಮುಂದಿನ ತಿಂಗಳೇ ಸುಪ್ರೀಂ ಕೋರ್ಟ್ ದೆಹಲಿಗೆ ಆದೇಶ ಕೊಟ್ಟಿತು. ಬಸ್ಸಿನಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಒಬ್ಬರು ಇರಬೇಕು, ಡ್ರೈವರಿಗೆ ಐದು ವರ್ಷದ ಅನುಭವ ಇರಬೇಕು, 40 ಕಿ.ಮೀ. ದಾಟದಂತೆ ಸ್ಪೀಡ್ ಗವರ್ನರ್ ಇರಬೇಕು ಎಂಬುದೆಲ್ಲ ಆಗ ಬಂದಿದ್ದು. ಬಸ್ಸಿಗೆ ಇಷ್ಟೆಲ್ಲ ಇದೆ. ಬ್ಯಾಗುಗಳನ್ನು ಹೊರಗೆ ನೇತುಹಾಕಿ, ಡ್ರೈವರ್ ಪಕ್ಕದಲ್ಲೂ ಮಕ್ಕಳನ್ನು ಕೂರಿಸಿಕೊಂಡು ಹೋಗುವ ಸ್ಕೂಲ್ ಆಟೊಗೆ? ಆಟೊದವರನ್ನು ಬೈಯುವುದು ಸುಲಭ. ತಿಂಗಳಿಗೆ ಇನ್ನೂರು ರೂಪಾಯಿ ಕಡಿಮೆ ಎಂದು ಆ ಆಟೊ ಹುಡುಕಿದವರು ನಾವೇ ಅಲ್ವಾ?

ಕೊನೆಗೆ, ಯಾವ ಪಾಠವೂ ತಲುಪದ ಜಾಗಗಳು. 2018ರ ನವೆಂಬರ್ 24, ಶನಿವಾರ. ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಖಾಸಗಿ ಬಸ್ಸು ವಿ.ಸಿ. ನಾಲೆಗೆ ಬಿದ್ದು 30 ಮಂದಿ ಸತ್ತರು. ಅರ್ಧ ದಿನದ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ಆ ಮಕ್ಕಳಿಗೆ ಏನು ಕಲಿಸಿದ್ದರೆ ಉಳಿಯುತ್ತಿದ್ದರು? ಅಲ್ಲಿ ಬೇಕಿದ್ದದ್ದು ತಡೆಗೋಡೆ. ಅದನ್ನು ಕಟ್ಟುವುದು ಮಕ್ಕಳ ಕೆಲಸವಲ್ಲ.

ಬೆಂಗಳೂರು–ಮೈಸೂರು ದಶಪಥ ರಸ್ತೆಯೂ ಹೀಗೇ. 2023ರ ಮಾರ್ಚ್ 12ರಂದು ಮದ್ದೂರಿನ ಗೆಜ್ಜಲಗೆರೆಯಲ್ಲಿ ಉದ್ಘಾಟನೆ ಆಯಿತು. ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳು ಮುಖ್ಯ ರಸ್ತೆಗೆ ಬರುವ ಹಾಗಿಲ್ಲ. ಆದರೆ ಹೊಲ ಒಂದು ಕಡೆ, ಊರು ಇನ್ನೊಂದು ಕಡೆ ಇದ್ದರೆ ಜನ ಬೇಲಿ ದಾಟುತ್ತಾರೆ, ಅವರ ಹಿಂದೆ ಮಕ್ಕಳೂ ದಾಟುತ್ತವೆ. ಲೆಕ್ಕ ಹಾಕಿ ನೋಡಿ. ಗಂಟೆಗೆ 100 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಒಂದು ಬದಿಯ ಮೂರು ಲೇನ್ ದಾಟಲು ಮಗುವಿಗೆ ಹತ್ತು ಸೆಕೆಂಡ್ ಬೇಕು. ಅಷ್ಟರಲ್ಲಿ 280 ಮೀಟರ್ ದೂರದ ಕಾರು ಪಕ್ಕದಲ್ಲಿರುತ್ತದೆ. ಅಷ್ಟು ದೂರದ ಕಾರು ಮಗುವಿನ ಕಣ್ಣಿಗೆ ನಿಂತ ಚುಕ್ಕಿ. ‘ಇಲ್ಲಿ ಹುಷಾರಾಗಿ ದಾಟು’ ಎಂಬ ಮಾತಿಗೇ ಅರ್ಥವಿಲ್ಲ. ಅಲ್ಲಿ ಕಲಿಸಬೇಕಾದ್ದು ‘ದಾಟಬೇಡ’ ಎಂದು ಮಾತ್ರ. ಹಾಗೆ ಹೇಳಬೇಕಾದರೆ ಹತ್ತಿರದಲ್ಲೇ ಒಂದು ಕೆಳಸೇತುವೆಯೋ ಮೇಲ್ಸೇತುವೆಯೋ ಇರಬೇಕು.

ಮೈಸೂರಿನ ಅಗಲ ರಸ್ತೆಗಳ ಬಗ್ಗೆ ನಮಗೆ ಹೆಮ್ಮೆ. 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಹುಟ್ಟಿದಾಗ ಊರಿಗೆ ಗಾಳಿ ಬೆಳಕು ಬೇಕಿತ್ತು, ಪ್ಲೇಗಿನ ಭಯ ಇತ್ತು. ಟಾಂಗಾಗಳ ಕಾಲದ ಆ ಅಗಲ ಇವತ್ತು ಕಾರಿಗೆ ವೇಗ ಕೊಟ್ಟಿದೆ, ಮಗುವಿಗೆ ದಾಟುವ ದೂರ ಜಾಸ್ತಿ ಮಾಡಿದೆ. ಗಂಟೆಗೆ 30 ಕಿ.ಮೀ.ಯಲ್ಲಿ ಬರುವ ಕಾರು, ಚಾಲಕ ನೋಡಿ ಬ್ರೇಕ್ ಒತ್ತಿ ನಿಲ್ಲುವ ಹೊತ್ತಿಗೆ ಸುಮಾರು 13 ಮೀಟರ್ ಮುಂದೆ ಬಂದಿರುತ್ತದೆ. 50 ಕಿ.ಮೀ. ಆದರೆ 28 ಮೀಟರ್. ಮಗುವಿನ ಕಣ್ಣಿಗೆ ವೇಗ ಅಳೆಯಲು ಆಗುವುದೂ ಹೆಚ್ಚುಕಡಿಮೆ ಆ 30ರ ತನಕ ಮಾತ್ರ ಎಂಬುದನ್ನು ನೆನಪಿಟ್ಟುಕೊಂಡರೆ, ಶಾಲೆಗಳ ಸುತ್ತ 30ಕ್ಕೆ ಇಳಿಸಿ ಎಂದು ಜಗತ್ತಿನಾದ್ಯಂತ ಯಾಕೆ ಕೇಳುತ್ತಿದ್ದಾರೆ ಎಂದು ತಿಳಿಯುತ್ತದೆ. ‘ಮುಂದೆ ಶಾಲೆ ಇದೆ, ನಿಧಾನವಾಗಿ ಚಲಿಸಿ’ ಎಂಬ ಬೋರ್ಡಿಗೆ ಯಾರೂ ನಿಧಾನ ಮಾಡುವುದಿಲ್ಲ. ಎತ್ತರಿಸಿದ ಜೀಬ್ರಾ ಪಟ್ಟೆಗೆ ಮಾಡುತ್ತಾರೆ. ಕಾರಿನ ತಳ ಉಜ್ಜುತ್ತದಲ್ಲ.

ನಮ್ಮ ಮನೆಯ ಪಾಠ ಐದು ತಿಂಗಳಿಂದ ನಡೆಯುತ್ತಿದೆ. ಅದೇ ಕ್ರಾಸು, ಅದೇ ಹೊತ್ತು, ಅದೇ ಪ್ರಶ್ನೆಗಳು. ಬೇಜಾರಾಗಿ ಎಷ್ಟೋ ದಿನ ನಾನೇ ಸುಮ್ನೆ ಎಳೆದುಕೊಂಡು ದಾಟಿಬಿಟ್ಟಿದ್ದೂ ಉಂಟು. ಮೊನ್ನೆ ಸಂಜೆ ಅಂಚಿನಲ್ಲಿ ನಿಂತಿದ್ದೆವು. ಬಲಗಡೆಯಿಂದ ಒಂದು ಬಿಳಿ ಕಾರು ನಿಧಾನವಾಗಿ ಬರುತ್ತಿತ್ತು. ಇನ್ನೇನು ನಿಲ್ಲುತ್ತದೆ ಎಂದು ನಾನು ಕಾಲು ಎತ್ತಿದೆ. ಈ ಸಲ ಕೈ ಎಳೆದವಳು ಅವಳು.

‘ಅಪ್ಪಾ, ತಡಿ. ಆ ಅಂಕಲ್ ಫೋನ್ ನೋಡ್ತಿದ್ದಾರೆ.’

ಕಾರು ನಿಲ್ಲದೆ ಹೋಯಿತು.